ಕಿವಿಯ ಹೊಲಿಗೆ

ಚೆಲುವೆಯಾಗಲು ಹೋಗಿದ್ದು ಭುವನೇಶ್ವರಿಗೆ ದಕ್ಕಲಿಲ್ಲ. ಶಹಾಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಲವತ್ತೆಂಟರ ಹೆಂಗಸು, ತರಬೇತಿ ಎಂದು ಸುಳ್ಳು ಹೇಳಿ ಹೈದರಾಬಾದಿಗೆ ಹೋಗಿ ಮುಖದ ಸುಕ್ಕು ತೆಗೆಸಿಕೊಂಡಿದ್ದಳು. ಕೆನ್ನೆಯೇನೋ ಬಿಗಿಯಾಯಿತು. ಆ ಜಗ್ಗಾಟಕ್ಕೆ ಕಿವಿಯ ಹಾಲೆಗಳು ಕೆಳಗಿಳಿದು ದವಡೆಗೆ ಅಂಟಿಕೊಂಡವು. ಅಂದಿನಿಂದ ಸುಡುಬಿಸಿಲಲ್ಲೂ ತಲೆತುಂಬ ಸೆರಗು, ಕನ್ನಡಿ ಕಂಡರೆ ನಾಚಿಕೆ.

ಹಾಲೆ ಬಿಡಿಸಿ ಬುಡಕ್ಕೆ ಹೊಲಿಗೆ ಹಾಕಿದರೆ ಸರಿಹೋಗುತ್ತದೆ ಎಂದರು ಇನ್ನೊಬ್ಬ ಡಾಕ್ಟರು. ಆದರೆ ಹೊಲಿಗೆ ಯಾಕೆಂದು ಮನೆಯಲ್ಲಿ ಕೇಳಿದರೆ? ಖರ್ಚಿಗಂತೂ ಅತ್ತೆ ಮಲ್ಲಾಬಾಯಿ ತೊಡಿಸಿದ್ದ ಬೆಂಡೋಲೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಎರಡಕ್ಕೂ ಒಂದೇ ಸುಳ್ಳು ಸಾಕೆಂದು ಹೊಳೆದಾಗ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಳು.

ಅವಳು ಕಟ್ಟಿದ ಕಥೆ ಹೀಗಿತ್ತು: ಸೈದಾಪುರದಲ್ಲಿ ರೈಲು ಹೊರಡುವಾಗ, ಬಾಗಿಲಲ್ಲಿ ನಿಂತಿದ್ದ ತನ್ನ ಎರಡೂ ಓಲೆ ಜಗ್ಗಿ ಕಿವಿ ಹರಿದು ಕಳ್ಳ ಕೆಳಗೆ ಹಾರಿದ. ಅವನು ಮುಖಕ್ಕೆ ಬಟ್ಟೆ ಸುತ್ತಿದ್ದ, ಹಾಗಾಗಿ ಆರೋಪ ಯಾವ ಬಡಪಾಯಿಯ ತಲೆಗೂ ಬರುವುದಿಲ್ಲ. ಗಾಡಿ ಓಡುತ್ತಿತ್ತು, ಬೆನ್ನಟ್ಟಿದವರಿಲ್ಲ. ಹೊಲಿಗೆ ಹೈದರಾಬಾದಿನಲ್ಲಿ ಬಿತ್ತು. ನಿಜಕ್ಕೂ ಮತ್ತೊಂದು ತರಬೇತಿಯ ನೆಪದಲ್ಲಿ ಅಲ್ಲಿಗೆ ಹೋಗಿ, ಓಲೆ ಮಾರಿ, ಆಪರೇಷನ್ ಮುಗಿಸಿಕೊಂಡೇ ಈ ಕಥೆ ಹೇಳಲು ಮನೆಗೆ ಫೋನ್ ಮಾಡಿದಳು.

ಕಿವಿಗೆ ಪಟ್ಟಿ ಕಟ್ಟಿಕೊಂಡು ಬಂದವಳನ್ನು ಮಲ್ಲಾಬಾಯಿ ಬಾಗಿಲಲ್ಲೇ ಅಪ್ಪಿಕೊಂಡಳು. "ಬಂಗಾರ ಹೋದ್ರ ಹೋಗ್ಲಿ ಬಿಡವ್ವ, ನೀ ಉಳದು ಬಂದಿಯಲ್ಲ, ಸಾಕು."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಭುವನೇಶ್ವರಿ ಕುಗ್ಗಿಹೋದಳು. ಆದರೂ ಪೊಲೀಸರಿಗೆ ದೂರು ಕೊಟ್ಟಳು. ಕೊಡದಿದ್ದರೆ ಗಂಡನಿಗೆ ಅನುಮಾನ ಬರುತ್ತಿತ್ತು.

ಪಟ್ಟಿ ಬಿಚ್ಚಿದ ಮರುದಿನ ಹೆಡ್ ಕಾನ್‌ಸ್ಟೇಬಲ್ ಅರ್ಜುಮಂದ ಹೇಳಿಕೆ ಬರೆದುಕೊಳ್ಳಲು ಮನೆಗೆ ಬಂದಳು. ಭುವನೇಶ್ವರಿ ಒಂದು ಮಾತೂ ತಪ್ಪದೆ ಎಲ್ಲ ಹೇಳಿದಳು. ಸೆರಗು ಸರಿಸಿ, ಹಾಲೆಯ ಬುಡದ ಹೊಲಿಗೆಯ ಗೆರೆಯನ್ನೂ ತೋರಿಸಿದಳು. ಅರ್ಜುಮಂದ ಸಹಿಗೆ ಪೆನ್ನು ಕೊಟ್ಟಳು.

ಅಷ್ಟರಲ್ಲಿ ಮಲ್ಲಾಬಾಯಿ ತನ್ನ ಕಿವಿಯ ಹೂವು ಬಿಚ್ಚಿಕೊಂಡು ಬಂದಳು. "ಮಂದಿ ಮುಂದ ಕಿವ್ಯಾಗ ಕಸಬರಿಗಿ ಕಡ್ಡಿ ಇಟ್ಕೊಂಡು ಕುಂತಿಯಲ್ಲವ್ವ. ತಗೋ, ಇವನ್ನ ಹಾಕ್ಕೋ." ಪಟ್ಟಿ ಬಿಚ್ಚಿದ ಕೂಡಲೇ, ತೂತು ಮುಚ್ಚಿಕೊಳ್ಳಬಾರದೆಂದು ಎಲ್ಲ ಹೆಂಗಸರಂತೆ ಭುವನೇಶ್ವರಿಯೂ ಕಡ್ಡಿ ಮುರಿದು ಏರಿಸಿಕೊಂಡಿದ್ದಳು, ಕೈಗೆ ರೂಢಿಯಾದ ಕೆಲಸ, ತಲೆಯ ಅಪ್ಪಣೆ ಕೇಳಿರಲಿಲ್ಲ. ಅರ್ಜುಮಂದ ಬಗ್ಗಿ ನೋಡಿದಳು. "ಓಲಿ ಜಗ್ಗಿ ಕಿವಿ ಹರದಾನ ಅಂತೀರಿ ಮೇಡಂ. ಮತ್ತ ತೂತು ಎರಡೂ ಹೆಂಗಿದ್ವು ಹಂಗ ಅದಾವಲ್ರಿ?" ಹೂವು ಹಿಡಿದ ಮಲ್ಲಾಬಾಯಿಯ ಕೈ ಅಲ್ಲೇ ನಿಂತಿತು. ಭುವನೇಶ್ವರಿ ಪೊಲೀಸಿನವಳನ್ನು ನೋಡಿದಳು. ಅತ್ತೆಯ ಮುಖ ನೋಡಲು ಅವಳಿಂದ ಆಗಲಿಲ್ಲ.