ಬಾಲವಿಲ್ಲದ ವಿಳಾಸ

“ಈ ಬಾಲ ಹಚ್ಚಿದವರು ಯಾರ್ರಿ?”

ರೋಣದ ಬಸ್ ನಿಲ್ದಾಣದ ಎದುರಿನ ವಧು-ವರರ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಕಲ್ಲೇಶ ತಲೆ ಎತ್ತಿದ. ಗಜೇಂದ್ರಗಡದ ಮಗ್ಗದಿಂದೆದ್ದು ನೇರ ಬಸ್ ಹತ್ತಿ ಬಂದಿದ್ದ ಲಕ್ಕಲಕಟ್ಟಿಯ ರಾಜೇಶ್ವರಿ, ಅವನ ಮೂಗಿನೆದುರು ಮೊಬೈಲ್ ಹಿಡಿದು ನಿಂತಿದ್ದಳು. ಸೆರಗಿಗೆ ನೂಲಿನ ಎಳೆಗಳು ಇನ್ನೂ ಅಂಟಿಕೊಂಡಿದ್ದವು.

ಪರದೆಯ ಮೇಲೆ ಅವಳ ಪರಿಚಯ ಪುಟದ ಲಿಂಕ್. ಅದರ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ‘ಸಂಬಂಧ=ಎರಡನೆಯದು’.

“ನಾನ ಹಚ್ಚೀನ್ರಿ,” ಅಂದ ಕಲ್ಲೇಶ. “ಎರಡನೇ ಸಂಬಂಧದವರ ಪಟ್ಟಿ ಬ್ಯಾರೆ ಬೇಕು ಅಂದ್ರು ಕನಕಪ್ಪ ಕಾಕಾ. ವಿಳಾಸದಾಗ ಹಿಂಗ ಗುರುತು ಹಾಕಿದ್ರ ವಿಂಗಡಸಾಕ ಸಲೀಸ.”

“ನಿಮಗ ಸಲೀಸ. ನಮ್ಮಪ್ಪ ಈ ಲಿಂಕ್ ಹನ್ನೊಂದು ಮನಿಗೆ ಕಳಿಸ್ಯಾನ. ಎಷ್ಟು ಮಂದಿ ತಗದು ನೋಡ್ಯಾರ, ಹೇಳ್ರಿ.”

ಕಲ್ಲೇಶ ಕಂಪ್ಯೂಟರಿನಲ್ಲಿ ನೋಡಿದ. ಒಬ್ಬರೂ ಇಲ್ಲ. ಬಾಲ ಓದಿಯೇ ಎಲ್ಲರೂ ಮುಂದೆ ಹೋಗಿದ್ದರು.

“ಎಂಟು ತಿಂಗಳು ಗಂಡನ ಮನ್ಯಾಗಿದ್ದೆ, ಅಂವ ಕೈ ಎತ್ತಿದ ದಿನಾನ ಹೊರಗ ಬಂದೆ ಅಂತ ಒಳಗ ನಾನ ಬರದೀನಿ. ಮುಚ್ಚಿಡಾಕಿ ಅಲ್ಲ ನಾನು. ಆದ್ರ ಒಳಗಿನ ಮಾತು ನೀವು ಬಾಗಲಕ್ಕ ಯಾಕ ಬರೀತೀರಿ?”

ಕಲ್ಲೇಶ ಮೌಸಿನಿಂದ ಕೈ ತೆಗೆದ.

“ತಪ್ಪಾತ್ರಿ… ಒಂದು ದಿನ ಟೈಮ್ ಕೊಡ್ರಿ.”

ಮಜ್ಜಿಗೆಗೆ ಹೋಗಿ ಗಡಿಗೆ ಮುಚ್ಚಿಡುವ ಹೆಣ್ಣಲ್ಲ ರಾಜೇಶ್ವರಿ. ಆದರೂ ವಾಪಸ್ ಬಸ್ಸಿನಲ್ಲಿ ಅವನ ಕಣ್ಣುಗಳು ಮತ್ತೆ ಮತ್ತೆ ನೆನಪಾದವು. ‘ತಪ್ಪಾಯಿತು’ ಎಂದು ಒಪ್ಪಿಕೊಂಡ ಗಂಡಸನ್ನು ಅವಳು ನೋಡಿದ್ದೇ ಅಪರೂಪ.

ಮರುದಿನ ಮಧ್ಯಾಹ್ನ ಲಿಂಕ್ ಒತ್ತಿದಳು. ‘ಪುಟ ಸಿಗಲಿಲ್ಲ.’

‘ನ್ಯಾಯ ಕೇಳಿದ್ದಕ್ಕೆ ನನ್ನನ್ನೇ ಅಳಿಸಿಬಿಟ್ಟನಾ? ನೆಗಡಿ ಬಂತೆಂದು ಮೂಗು ಕೊಯ್ಯುತ್ತಾರಾ? ನಂಬಿದ್ದು ನನ್ನದೇ ತಪ್ಪು…’ ಸಿಟ್ಟಿಗಿಂತ ಹೆಚ್ಚಾಗಿ ಬಂದದ್ದು ಅಳು. ಅದನ್ನು ನುಂಗಿಕೊಂಡು ಮತ್ತೆ ರೋಣದ ಬಸ್ ಹತ್ತಿದಳು.

ಕೇಂದ್ರದ ಬಾಗಿಲಿಗೆ ಬರುವಷ್ಟರಲ್ಲಿ ಮಾಲೀಕ ಕನಕಪ್ಪನ ದನಿ ಬೀದಿಗೇ ಕೇಳುತ್ತಿತ್ತು.

“ಹಳೇ ಲಿಂಕ್ ಒಂದೂ ತೆರೀವಲ್ದು! ಎರಡನೇ ಸಂಬಂಧದ ಪಟ್ಟಿಯ ಮೂವತ್ತೊಂದು ಮನಿಯವರು ಫೋನ್ ಹಚ್ಚ್ಯಾರ. ಬಾಲ ತಿರುಗಿ ಹಚ್ಚು, ಇಲ್ಲಾ ನಾಳಿಂದ ಬರಬ್ಯಾಡ.”

“ಹಚ್ಚೂದಿಲ್ಲ ಕಾಕಾ,” ಅಂದ ಕಲ್ಲೇಶ. “ಇನ್ನ ವಿಳಾಸದಾಗ ಹೆಸರು, ಊರು ಎರಡ. ಅದರ ಮುಂದ ಯಾರು ಏನ ಸೇರಿಸಿದ್ರೂ ಪುಟಾನ ತೆರಿಯಂಗಿಲ್ಲ. ಹಳೇದಕ್ಕ ದಾರಿ ಬಿಟ್ಟಿದ್ರ ಆ ಬಾಲ ಊರೂರು ತಿರುಗತಿತ್ತು. ಅದಕ್ಕ ಮುಚ್ಚೀನಿ.”

ರಾಜೇಶ್ವರಿ ಹೊಸ್ತಿಲಲ್ಲೇ ನಿಂತಳು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಬೈಗುಳಗಳಿಗೆ ಇನ್ನು ಕೆಲಸವಿರಲಿಲ್ಲ. ಇವನು ಅಳಿಸಿದ್ದು ತನ್ನನ್ನಲ್ಲ!

ಒಳಗೆ ಬಂದು ಅವನ ಪಕ್ಕದಲ್ಲಿ ನಿಂತಳು.

“ಕಾಕಾ, ಆ ಬಾಲ ತಿರುಗಿ ಬಂತಂದ್ರ ಮೂವತ್ತೊಂದು ಮನಿಗೂ ನಾನ ಹೋಗತೀನಿ. ಇಲ್ಲಿಂದ ಹೆಸರು ತಗಸ್ರಿ ಅಂತ ಒಬ್ಬೊಬ್ಬಾಕಿಗೂ ಹೇಳತೀನಿ. ಇಂವನ್ನ ಬಿಡಿಸಿದ್ರೂ ಅಷ್ಟ.”

ಕನಕಪ್ಪ ಅವಳನ್ನು ನೋಡಿದ, ಅವನನ್ನು ನೋಡಿದ. ಇಬ್ಬರಲ್ಲಿ ಒಬ್ಬರೂ ಜಗ್ಗುವಂತೆ ಕಾಣಲಿಲ್ಲ.

“ಹೊಸಾ ಲಿಂಕರ ಲಗೂ ಕಳಸೋ ಎಲ್ಲಾರಿಗೂ,” ಎಂದು ಗೊಣಗುತ್ತ ಚಹಾ ಕುಡಿಯಲು ಹೊರಟ.

ಕಲ್ಲೇಶ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ವಿಳಾಸದ ಕೊನೆಯಲ್ಲಿ ‘ರಾಜೇಶ್ವರಿ-ಲಕ್ಕಲಕಟ್ಟಿ’ ಎಂದಷ್ಟೇ ಇತ್ತು. ತನ್ನ ಹೆಸರು ಒಂಟಿಯಾಗಿ ಇಷ್ಟು ಚೆಂದ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಇದನ್ನ ಯಾರರ ತಗದು ನೋಡ್ಯಾರೇನ್ರಿ?”

“ಒಬ್ಬರು.”

“ಯಾರು?”

ಅವನು ಕೀಲಿಮಣೆ ನೋಡುತ್ತ ಕೂತ. “ನಾನ್ರಿ.”

“ಕೆಲಸಕ್ಕ ತಗದಿರಬೇಕು.”

“ಮೊದಲನೇ ಸಲ ಕೆಲಸಕ್ಕ. ಆಮ್ಯಾಲಿನ ನಾಕ ಸಲ ಅಲ್ಲ. ‘ಕೈ ಎತ್ತಿದ ದಿನಾನ ಹೊರಗ ಬಂದೆ’ ಅಂತ ಬರದೀರಲ್ಲ… ಅಲ್ಲೇ ನಿಂತುಬಿಟ್ಟೀನ್ರಿ. ನಿಮ್ಮ ಮ್ಯಾಲೆ ಮನಸಾಗೈತಿ.”

ಅವಳ ಕಣ್ಣು ತುಂಬಿತು. ಆದರೆ ಗದ್ದ ಮಾತ್ರ ಕೆಳಗಿಳಿಯಲಿಲ್ಲ.

“ಮನ್ಯಾಗ ನನ್ನ ಏನಂತ ಹೇಳತೀರಿ?”

“ರಾಜೇಶ್ವರಿ, ಲಕ್ಕಲಕಟ್ಟಿಯಾಕಿ ಅಂತ.”

“ಅದರ ಮುಂದ?”

“ಅದರ ಮುಂದ ಏನರ ಸೇರಿಸಿದ್ರ ನಮ್ಮವ್ವಗೂ ಪುಟ ತೆರಿಯಂಗಿಲ್ರಿ.”

ರಾಜೇಶ್ವರಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು.

“ನಿಮ್ಮವ್ವನ್ನ ನಾನ ಒಳಗ ಕರೀತೀನಿ. ಎಲ್ಲಾ ನಾನ ಹೇಳತೀನಿ. ನೀವು ಬಾಗಲಾ ಕಾಯ್ರಿ, ಸಾಕು.”

“ಕಾಯತೀನಿ,” ಅಂದ ಕಲ್ಲೇಶ. “ಜೀವ ಇರೋತನಕ.”