ಪಾಯ ಇಲ್ಲದ ಗುಡಿ

"ತಡಿಯೇ! ಪೂಜೆ ಮಾಡ್ದೆ ಸ್ಪೂನ್ ಹಾಕ್ಬಾರ್ದು!"

ಸಿದ್ಧಿಯ ಮನೆಯ ಹಿತ್ತಲಲ್ಲಿ ಇಂದ್ರೇಶ ಕೆರೆ ಮಣ್ಣಿನ ದೊಡ್ಡ ಮುದ್ದೆಗೆ ಕುಂಕುಮ ಹಚ್ಚಿ, ಎದುರಿಗೆ ಒಂದು ಊದುಬತ್ತಿ ಚುಚ್ಚಿದ. ಹಳೇಬೀಡಿನ ಬಸ್‌ಸ್ಟ್ಯಾಂಡ್ ಹತ್ತಿರ ಅವನ ಅಪ್ಪನದು ಸಿಮೆಂಟ್ ಅಂಗಡಿ. ಊರಲ್ಲಿ ಯಾರೇ ಮನೆ ಕಟ್ಟಲಿ, ಗುದ್ದಲಿ ಪೂಜೆಗೆ ಅವರಿಗೆ ಕರೆ ಬರುತ್ತದೆ. ಹಾಗೆ ಹೋಗಿ ಹೋಗಿ ಇಂದ್ರೇಶ ತಿಂದ ಕೋಸಂಬರಿಗೆ ಲೆಕ್ಕವೇ ಇಲ್ಲ.

"ಇದು ಮನೆ ಅಲ್ಲ ಕಣೋ, ಗುಹೆ," ಎಂದಳು ಸಿದ್ಧಿ.

"ಗುಹೆ ಆದ್ರೇನು? ಪಾಯ ಗಟ್ಟಿ ಇರ್ಬೇಕು. ಮೊದ್ಲು ಪಾಯ, ಆಮೇಲೆ ಕಂಬ, ಕೊನೇಗೆ ತಾರಸಿ. ನಮ್ಮಪ್ಪ ಯಾವಾಗ್ಲೂ ಹೇಳ್ತಾರೆ."

ಇಬ್ಬರೂ ಐದನೇ ಕ್ಲಾಸು. ಶನಿವಾರ ಸ್ಕೂಲಿನಲ್ಲಿ ಮಾಡೆಲ್ ಎಕ್ಸಿಬಿಷನ್. ಗೆದ್ದ ಮಾಡೆಲ್ಲು ಬೇಲೂರಿನ ದೊಡ್ಡ ಎಕ್ಸಿಬಿಷನ್‌ಗೆ ಹೋಗುತ್ತದೆ. ಪ್ರತಿಮಾ ಮಿಸ್ ಚೀಟಿ ಎತ್ತಿಸಿದಾಗ ಶಶಿಕಿರಣನಿಗೆ ಬೇಲೂರಿನ ದೇವಸ್ಥಾನವೇ ಬಂತು. ಸಿದ್ಧಿ, ಇಂದ್ರೇಶರಿಗೆ ಬಂದದ್ದು ಅಜಂತಾದ ಬೌದ್ಧ ಗುಹೆ.

ಸಿದ್ಧಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅವಳ ಮನೆಯವರು ದಿನಾ ಬಸದಿಗೆ ಹೋಗುವವರು. ಅಲ್ಲಿಯ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ನೆಂಟರು ಬಂದರೆ ಅವರನ್ನು ಕರೆದೊಯ್ದು ಆ ಕಂಬದಲ್ಲಿ ಮುಖ ತೋರಿಸಿಕೊಂಡು ಬರುವುದು ಸಿದ್ಧಿಯದೇ ಕೆಲಸ. ಇಂಥ ಊರಿನ ಹುಡುಗಿಗೆ ಗುಹೆಯೇ?

"ಗುಹೆ ಅಂದ್ರೆ ಬರೀ ತೂತು. ಅರ್ಧ ಗಂಟೇಲಿ ಕೊರ್ದು ನಾವೇ ಗೆಲ್ತೀವಿ, ನೋಡ್ತಿರಿ," ಎಂದು ಇಡೀ ಕ್ಲಾಸಿನ ಎದುರು ಜಂಬ ಕೊಚ್ಚಿಬಿಟ್ಟಿದ್ದಳು. ಇನ್ನು ಸೋತರೆ ಶಶಿಕಿರಣ ಸುಮ್ಮನೆ ಬಿಡುತ್ತಾನೆಯೇ?

ಪೂಜೆ ಮುಗಿಯಿತು. ಇಂದ್ರೇಶ ಹೇಳಿದಂತೆ ಕೆಳಗಿನಿಂದ ಕೊರೆದರು. ನೆಲ ನುಣ್ಣಗಾಯಿತು. ಕಂಬಗಳ ಬುಡ ಎದ್ದವು. ಸಿದ್ಧಿ ಮಲಗಿಕೊಂಡು ಮೇಲಕ್ಕೆ ಸ್ಪೂನ್ ಹಾಕಿದಳು, ಅಷ್ಟೆ. ತಾರಸಿಯ ಮಣ್ಣು ದೊಪ್ಪೆಂದು ಬಿದ್ದು ಎಲ್ಲವನ್ನೂ ಮುಚ್ಚಿತು.

"ನಿನ್ನ ಪಾಯಕ್ಕೊಂದಿಷ್ಟು! ಎಲ್ಲಾ ನಿನ್ನಿಂದ್ಲೇ ಹಾಳಾಯ್ತು!" ಸಿದ್ಧಿ ಕಿರುಚಿದಳು. ಇಂದ್ರೇಶ ಸ್ಪೂನ್ ತೊಳೆದಿಟ್ಟು ಮನೆಗೆ ಹೋದ.

ಮರುದಿನ ಪ್ರತಿಮಾ ಮಿಸ್ ಇಬ್ಬರನ್ನೂ ಕೂರಿಸಿಕೊಂಡು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. "ಇದೂ ಅಜಂತಾದ್ದೇ. ಕೆಲಸ ಅರ್ಧಕ್ಕೇ ನಿಂತುಹೋದ ಗುಹೆ. ಏನು ಕಾಣುತ್ತೆ, ಹೇಳಿ."

ಸಿದ್ಧಿ ಫೋಟೊ ದೊಡ್ಡದು ಮಾಡಿ ನೋಡಿದಳು. ಮೇಲೆ ಎಲ್ಲ ನೀಟಾಗಿತ್ತು. ಕೆಳಗೆ ಮಾತ್ರ ಒರಟು ಬಂಡೆ ಹಾಗೇ ಉಳಿದಿತ್ತು.

"ಮಿಸ್, ಇವ್ರು ಉಲ್ಟಾ ಮಾಡಿದಾರೆ!"

"ಉಲ್ಟಾ ಅಲ್ಲಮ್ಮ, ಅದೇ ಸರಿ. ಇಡೀ ಬೆಟ್ಟವೇ ಇರೋವಾಗ ಪಾಯ ಯಾಕೆ? ಮೊದಲು ತಾರಸಿ ಕೊರೆದು, ಬಂಡೆ ಮೇಲೇ ನಿಂತುಕೊಂಡು ಕೆಳಗೆ ಇಳೀತಾ ಬಂದ್ರು. ನಮ್ಮ ಊರಲ್ಲಿ ಕಲ್ಲು ತಂದು ಜೋಡಿಸಿದ್ರು. ಅವರು ಬೇಡದ ಕಲ್ಲು ತೆಗೆದ್ರು. ಉಳಿದದ್ದೇ ಗುಡಿ."

ಆ ಕೆಲಸ ಶುರುವಾಗಿ ಎರಡು ಸಾವಿರ ವರ್ಷವೇ ಆಯಿತಂತೆ. ಮಿಸ್ ಇನ್ನೊಂದು ಫೋಟೊ ತೆಗೆದರು. ಕತ್ತಲ ಗೋಡೆಯ ಮೇಲೆ ಕೈಯಲ್ಲಿ ತಾವರೆ ಹಿಡಿದ ಬೋಧಿಸತ್ವ. ಕಲ್ಲು, ಮಣ್ಣು ಅರೆದು ಮಾಡಿದ ಬಣ್ಣವಂತೆ. ಅರ್ಧ ಮುಚ್ಚಿದ ಆ ಕಣ್ಣುಗಳನ್ನು ಸಿದ್ಧಿ ಬಹಳ ಹೊತ್ತು ನೋಡಿದಳು. 'ಬರೀ ತೂತು' ಎಂದು ತಾನೇ ಹೇಳಿದ್ದು ನೆನಪಾಗಿ ನಾಚಿಕೆಯಾಯಿತು.

ಆವತ್ತೇ ಮತ್ತೆ ಮಣ್ಣು ತಂದು ಗಟ್ಟಿಯಾಗಿ ಕುಟ್ಟಿ ಗುಡ್ಡ ಮಾಡಿದರು. ಸಿದ್ಧಿಯ ಅಮ್ಮ ಧರ್ಮಾವತಿ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ದಿನವೂ ಅದಕ್ಕೆ ನೀರು ಚಿಮುಕಿಸಿದರು. ಸ್ಕೂಲು ಬಿಟ್ಟೊಡನೆ ಇಬ್ಬರೂ ಹಿತ್ತಲಿಗೆ ಓಡುತ್ತಿದ್ದರು. ಮೊದಲು ಸಿದ್ಧಿ ಕಮಾನಿನ ತಾರಸಿ ಕೊರೆದಳು. ಅದು ನಿಂತಿತು! ಬೀಳಲೇ ಇಲ್ಲ! ಆಮೇಲೆ ಕಂಬಗಳು. ಅವು ಇಂದ್ರೇಶನ ಪಾಲು. ಅವನ ಕೈ ಅಲುಗುತ್ತಿರಲಿಲ್ಲ. ಹಿಂದುಗಡೆ ಪೂಜೆಗೆಂದು ಉಳಿಸುವ ದುಂಡನೆಯ ಸ್ತೂಪವೂ ನಿಧಾನವಾಗಿ ಮಣ್ಣಿನೊಳಗಿಂದ ಎದ್ದು ಬಂತು.

ಶುಕ್ರವಾರ ಸಂಜೆ ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಇಂದ್ರೇಶನ ಸ್ಪೂನ್ ಜಾರಿತು. ಮುಂದಿನ ಸಾಲಿನ ಕಂಬವೊಂದು ಟಕ್ಕೆಂದು ಮುರಿಯಿತು.

ಇಂದ್ರೇಶ ಮುರಿದ ತುಂಡನ್ನು ಬೇಗ ಎತ್ತಿಕೊಂಡ. "ಅಂಟಿಸ್ತೀನಿ ಕಣೇ. ಬೇರೆ ಕಂಬ ಮಾಡಿ, ಒದ್ದೆ ಮಣ್ಣು ಹಾಕಿ ಕೂರಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಬೈಗುಳ ಸಿದ್ಧಿಯ ನಾಲಿಗೆ ತುದಿಗೇ ಬಂದಿತ್ತು. ಆದರೆ ಅವಳ ಕಣ್ಣು ಮುರಿದ ಕಂಬದ ಮೇಲೇ ನಿಂತಿತು. ಆ ಬೆಟ್ಟದಲ್ಲೂ ಯಾರದೋ ಉಳಿ ಜಾರಿರಬೇಕು. ಅವನಿಗೆ ಬೆಟ್ಟಕ್ಕೆ ಕಲ್ಲನ್ನು ವಾಪಸ್ ಅಂಟಿಸಲು ಆಗುತ್ತಿತ್ತೇ? ಪಕ್ಕದಲ್ಲಿ ಕೆತ್ತುತ್ತಿದ್ದವರು ಅವನಿಗೆ ಏನು ಹೇಳಿರಬಹುದು? ಬೈದು ಮನೆಗೆ ಕಳಿಸಿದ್ದರೆ ಅಷ್ಟು ದೊಡ್ಡ ಗುಡಿ ಮುಗಿಯುತ್ತಿತ್ತೇ?

ಅವಳು ನೆಲಕ್ಕೆ ಬಿದ್ದಿದ್ದ ಸ್ಪೂನ್ ಎತ್ತಿ ಇಂದ್ರೇಶನ ಕೈಗೇ ಕೊಟ್ಟಳು.

"ಅದು ಹಾಗೇ ಇರ್ಲಿ. ಸ್ತೂಪದ ಹತ್ರ ಎರಡು ಕಂಬ ಬಾಕಿ ಇದೆ. ಕೊರಿ."

"ಮತ್ತೆ ಮುರಿದ್ರೆ?"

"ನೀನು ಕೊರಿಯೋ, ಸಾಕು."

ಶನಿವಾರ ಬಹುಮಾನ ಆರಿಸಲು ಬಂದವರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು ದೇವೀರಪ್ಪ. ಶಶಿಕಿರಣನ ಥರ್ಮಾಕೋಲಿನ ದೇವಸ್ಥಾನಕ್ಕೆ ಬಣ್ಣದ ಲೈಟೂ ಇತ್ತು. ಅವರು ಅದನ್ನು ನೋಡಿ "ಭೇಷ್" ಎಂದರು. ಗುಹೆಯ ಹತ್ತಿರ ಬಂದಾಗ ಮಾತ್ರ ಮೊಬೈಲಿನ ಟಾರ್ಚ್ ಹಾಕಿ, ಬಗ್ಗಿ, ಒಳಗೇ ಇಣುಕಿದರು. ತುಂಬ ಹೊತ್ತು ತಲೆ ಎತ್ತಲಿಲ್ಲ.

"ಇದನ್ನ ಬೇಲೂರಿಗೆ ಕಳಿಸ್ಬೋದು ಕಣ್ರಪ್ಪಾ. ಹೋಗೋದ್ರೊಳಗೆ ಈ ಕಂಬ ಒಂದು ಅಂಟಿಸ್ಬಿಡಿ."

ಸಿದ್ಧಿ ಮುರಿದ ಕಂಬಕ್ಕೆ ಕೈ ಅಡ್ಡ ಹಿಡಿದಳು. "ಅಂಟ್ಸಲ್ಲ ಸರ್."

"ಯಾಕಮ್ಮಾ? ಬೇಲೂರು ಬೇಡ್ವಾ?"

"ಬೇಕು ಸರ್. ಆದ್ರೆ ಇದ್ರಲ್ಲಿ ಒಂದು ಚೂರೂ ಜೋಡಿಸಿದ್ದಲ್ಲ. ಎಲ್ಲಾ ಕೊರೆದಿದ್ದು. ಇದೊಂದನ್ನ ಅಂಟಿಸಿದ್ರೆ ಸುಳ್ಳಾಗುತ್ತೆ."

"ಹೌದಾ? ಹಾಗಾದ್ರೆ ಮುರಿದೋರು ಯಾರು?"

"ನಮ್ಮಿಂದ ಮುರೀತು ಸರ್," ಎಂದಳು ಸಿದ್ಧಿ.

ಅವಳ ಹಿಂದೆ ನಿಂತಿದ್ದ ಇಂದ್ರೇಶ ಮುಂದೆ ಬಂದ. "ಅಲ್ಲ ಸರ್, ನನ್ನ ಕೈಯಿಂದ. ಉಳಿದ ಕಂಬಾನೂ ನಾನೇ ಕೊರ್ದಿದ್ದು."

ಅವನ ದನಿ ಆಚೆ ಟೇಬಲ್ಲಿಗೂ ಕೇಳಿಸಿತು. ಶಶಿಕಿರಣ ತನ್ನ ದೇವಸ್ಥಾನ ಬಿಟ್ಟು ಇಣುಕಲು ಬಂದ.

ದೇವೀರಪ್ಪ ಮೇಷ್ಟ್ರು ಮತ್ತೆ ಬಗ್ಗಿ ಒಂದೊಂದೇ ಕಂಬಕ್ಕೆ ಟಾರ್ಚ್ ಹಿಡಿದರು. "ಎಲ್ಲಾನೂ?"

"ಎಲ್ಲಾನೂ ಸರ್."

"ಹಾಗಿದ್ರೆ ಇದು ಹಿಂಗೇ ಬರ್ಲಿ ಬೇಲೂರಿಗೆ," ಎಂದು ಅವರು ಇಂದ್ರೇಶನ ಬೆನ್ನು ತಟ್ಟಿದರು.

ಹುಡುಗರೆಲ್ಲ ಅವನನ್ನು ಮುತ್ತಿಕೊಂಡರು. ಸಿದ್ಧಿ ಒಂದು ಪಕ್ಕಕ್ಕೆ ಸರಿದು, ಹಿಂದಿದ್ದವರಿಗೂ ಕಂಬಗಳು ಕಾಣುವಂತೆ ಮೇಷ್ಟ್ರ ಮೊಬೈಲಿನ ಟಾರ್ಚ್ ಹಿಡಿದಳು. ತಾರಸಿ ಕೊರೆದದ್ದು ತಾನು ಎಂದು ಹೇಳಲು ಅವಳಿಗೆ ನೆನಪೇ ಆಗಲಿಲ್ಲ.