ಎರಡೂ ಕಣ್ಣು ಒಂದೇ ಕಡೆ

"ಅಯ್ಯೋ, ಇಲ್ಲಿ ನೋಡ್ರೋ! ಎರಡೂ ಕಣ್ಣು ಒಂದೇ ಕಡೆ!"

ಕ್ಲಾಸ್ ಲೀಡರ್ ಕೂಗಿದ್ದೇ ತಡ, ಕಾರಿಡಾರಿನ ಆ ತುದಿಯಲ್ಲಿದ್ದವರೆಲ್ಲ ಬ್ರಷ್ ಹಿಡಿದುಕೊಂಡೇ ಓಡಿಬಂದರು. ನೆಲದ ಮೇಲೆಲ್ಲ ನೀಲಿ ಹನಿ ಬಿತ್ತು.

ಐದನೇ ಕ್ಲಾಸಿನವರು ಆ ಉದ್ದ ಗೋಡೆಯ ಮೇಲೆ ಒಂದು ಇಡೀ ಸಮುದ್ರ ಬರೆಯುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮೀನು. ಕಡ್ಡಿಗೆ ಸಿಕ್ಕಿದ್ದು ಗೋಡೆಯ ನಟ್ಟನಡುವಿನ ಜಾಗ. ಕಡ್ಡಿ ಅನ್ನುವುದು ಅವಳ ಹೆಸರೇನಲ್ಲ. ಅವಳು ಆಡುವ ಮಾತೂ ಅವಳಷ್ಟೇ ಸಣ್ಣ, ಅದಕ್ಕೇ ಎಲ್ಲರೂ ಹಾಗೆ ಕರೆಯುತ್ತಿದ್ದರು.

"ಕಡ್ಡಿ, ನಿನ್ನ ಮೀನಿಗೆ ಆಕ್ಸಿಡೆಂಟ್ ಆಗಿತ್ತಾ?" ಎಂದ ಗುಂಡ.

"ಇಲ್ಲ ಕಣೋ, ನೀನು ಅದರ ಮೇಲೆ ಕೂತಿರ್ತೀಯ. ಅದಕ್ಕೇ ಅಷ್ಟು ಚಪ್ಪಟೆ," ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಗುಂಡ ಎಲ್ಲರಿಗಿಂತ ಜೋರಾಗಿ ನಕ್ಕ.

ಕಡ್ಡಿಯ ಕಿವಿ ಬಿಸಿಯಾಯಿತು. "ಅದು ಇರೋದೇ ಹಾಗೆ," ಎಂದಳು.

"ಇರೋದೇ ಹಾಗೆ ಅಂದ್ರೆ?" ಲೀಡರ್ ಬಿಡಲಿಲ್ಲ. ಕ್ಲಾಸಿನಲ್ಲಿ ಅವನಷ್ಟು ಚೆನ್ನಾಗಿ ಚಿತ್ರ ಬರೆಯುವವರು ಯಾರೂ ಇರಲಿಲ್ಲ. ಗೋಡೆಯ ಮೇಲ್ಗಡೆ ನೀರು ಚಿಮ್ಮಿಸುತ್ತಿದ್ದ ತಿಮಿಂಗಿಲ ಅವನದೇ. "ಆ ಕಡೆಯಿಂದ ದೊಡ್ಡ ಮೀನು ಬಂದ್ರೆ ಇದಕ್ಕೆ ಹೇಗೆ ಕಾಣತ್ತೆ? ಹೇಳು ನೋಡೋಣ."

ಕಡ್ಡಿ ತನ್ನ ಮೀನಿನ ಕಡೆ ತಿರುಗಿದಳು. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೇಗೆ ಕಾಣತ್ತೆ?

ಡ್ರಾಯಿಂಗ್ ಟೀಚರ್ ಬಂದು, ತಲೆ ಓರೆ ಮಾಡಿ ಆ ಮೀನನ್ನು ನೋಡಿದರು. "ಇಂಥ ಮೀನು ನೋಡಿದ್ದೀಯೇನಮ್ಮ?"

"ದಿನಾ ನೋಡ್ತೀನಿ ಟೀಚರ್. ಚಿಕ್ಕಮ್ಮನ ಅಂಗಡೀಲಿ."

"ಹಾಗಿದ್ರೆ ನೀನು ಹೇಳ್ತಿರೋದು ಸರಿ ಇರಬಹುದು. ಆದ್ರೂ ಇಲ್ಲಿ ಯಾಕೋ ಹೊಂದ್ತಾ ಇಲ್ಲ. ನಾಳೆ ಮಧ್ಯಾಹ್ನ ಎಲ್ಲರ ಮನೆಯವರೂ ನೋಡೋಕೆ ಬರ್ತಾರೆ. ಬೆಳಿಗ್ಗೆ ಬೇಗ ಬಂದು ಸರಿ ಮಾಡು. ಆಗಲಿಲ್ಲ ಅಂದ್ರೆ ನೀಲಿ ಬಳಿದುಬಿಡೋಣ."

ನೀಲಿ ಬಳಿದರೆ ಅಲ್ಲಿ ಬರೀ ನೀರು ಉಳಿಯುತ್ತದೆ. ಅಮ್ಮ ಬಂದು "ನಿನ್ನದು ಯಾವುದೇ?" ಎಂದು ಕೇಳಿದರೆ ಕಡ್ಡಿ ಏನನ್ನು ತೋರಿಸಬೇಕು?

ಸಂಜೆ ಅಮ್ಮ ಕೆಲಸದಿಂದ ಬರುವ ತನಕ ಕಡ್ಡಿ ಚಿಕ್ಕಮ್ಮನ ಮೀನಂಗಡಿಯಲ್ಲಿ ಕೂರುವುದು ವಾಡಿಕೆ. ಅವತ್ತು ಆಗಷ್ಟೇ ಲೋಡ್ ಬಂದಿತ್ತು. ಚಿಕ್ಕಮ್ಮ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು, ಐಸಿನಲ್ಲಿ ಕೈಯಾಡಿಸುತ್ತ ಮೀನು ಬೇರೆ ಮಾಡುತ್ತಿದ್ದಳು. ಹೊಳೆಯುವ ಉದ್ದ ಮೀನುಗಳೆಲ್ಲ ಎಡಗಡೆ ಪೆಟ್ಟಿಗೆಗೆ. ಮೀಸೆ ಮೀನು, ಚಪ್ಪಟೆ ಮೀನುಗಳೆಲ್ಲ ಬಲಗಡೆಗೆ.

"ಚಿಕ್ಕಮ್ಮಾ, ಈ ಚಪ್ಪಟೆ ಮೀನಿಗೆ ಎರಡೂ ಕಣ್ಣು ಯಾಕೆ ಒಂದೇ ಕಡೆ?"

"ತಳಮೀನಲ್ವೇನೇ," ಎಂದಳು ಚಿಕ್ಕಮ್ಮ, ತಲೆ ಎತ್ತದೆ.

"ಅಂದ್ರೆ?"

"ಅಂದ್ರೆ ತಳಮೀನು. ಸಮುದ್ರದ ತಳದಲ್ಲಿ ಬದುಕೋದು. ಈ ಪೆಟ್ಟಿಗೇಲಿ ಇರೋದೆಲ್ಲ ಅವೇ."

"ಅದಕ್ಕೂ ಕಣ್ಣಿಗೂ ಏನು ಸಂಬಂಧ?"

ಚಿಕ್ಕಮ್ಮನ ಕೈ ನಿಂತಿತು. "ಹುಟ್ಟಿದಾಗಿಂದ ನೋಡ್ತಿದ್ದೀನಿ, ಅದನ್ನ ಮಾತ್ರ ನಾನೂ ಕೇಳಿಲ್ಲ, ನನ್ನನ್ನೂ ಯಾರೂ ಕೇಳಿಲ್ಲ. ನಂಗೊತ್ತಿಲ್ಲ ಮಗಳೇ."

ಕಡ್ಡಿ ಒಂದು ಚಪ್ಪಟೆ ಮೀನನ್ನು ಎತ್ತಿಕೊಂಡಳು. ಕಣ್ಣಿರುವ ಕಡೆ ಮರಳಿನ ಬಣ್ಣ, ಅಲ್ಲಲ್ಲಿ ಚುಕ್ಕೆ. ತಿರುಗಿಸಿದರೆ ಆ ಕಡೆ ಬೆಳ್ಳಗೆ, ಬೋಳು ಗೋಡೆಯ ಹಾಗೆ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಲು ನೋಡಿದಳು. ಅದು ಪಟ್ಟನೆ ಮಲಗಿಬಿಟ್ಟಿತು. ಮತ್ತೆ ನಿಲ್ಲಿಸಿದಳು. ಮತ್ತೆ ಮಲಗಿತು, ಬಿಳಿ ಕೆಳಗೆ, ಕಣ್ಣು ಮೇಲೆ.

ಕಡ್ಡಿ ತಾನೂ ಬಗ್ಗಿ, ಒದ್ದೆ ಮೇಜಿಗೆ ಕೆನ್ನೆಯೊತ್ತಿ ಮಲಗಿದಳು. ಕೆಳಗಿನ ಕಣ್ಣಿಗೆ ಏನೂ ಕಾಣಲಿಲ್ಲ, ಬರೀ ಕತ್ತಲು. ಮೇಲಿನ ಕಣ್ಣಿಗೆ ತಕ್ಕಡಿ, ತೂಗಾಡುವ ಬಲ್ಬು, ಚಿಕ್ಕಮ್ಮನ ಗಾಬರಿ ಮುಖ ಎಲ್ಲ ಕಾಣುತ್ತಿದ್ದವು.

"ಏಯ್, ಏನೇ ಆಯ್ತು ನಿಂಗೆ? ಏಳೇ! ಮೀನು ವಾಸನೆಗೆ ನಾಳೆ ಸ್ಕೂಲಲ್ಲಿ ಯಾರೂ ಪಕ್ಕದಲ್ಲಿ ಕೂರಲ್ಲ ನೋಡು!"

"ಗೊತ್ತಾಯ್ತು ಚಿಕ್ಕಮ್ಮಾ!" ಕೆನ್ನೆಯ ಮೇಲೆ ಐಸ್ ನೀರು ಇಳಿಯುತ್ತಿದ್ದರೂ ಕಡ್ಡಿ ಒರೆಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಉಳಿದವರು ಬರುವಷ್ಟರಲ್ಲಿ ಕಡ್ಡಿ ಗೋಡೆಯ ಮುಂದೆ ನಿಂತಿದ್ದಳು. ದಪ್ಪ ಬ್ರಷ್ಷನ್ನು ನೀಲಿಯಲ್ಲಿ ಅದ್ದಿ, ತಾನೇ ಬರೆದ ಮೀನಿನ ಮೇಲೆ ಎಳೆದೇಬಿಟ್ಟಳು.

"ಅಯ್ಯೋ, ಅಳಿಸಿಬಿಟ್ಲು ಕಣ್ರೋ!" ಎಂದ ಗುಂಡ. ಅವನ ದನಿಯಲ್ಲಿ ನಗು ಇರಲಿಲ್ಲ.

ಲೀಡರ್ ಕೂಡ ಪೆಚ್ಚಾದ. "ನಾನು ತಮಾಷೆ ಮಾಡಿದ್ದು ಕಣೇ..."

ಕಡ್ಡಿ ಮರಳಿನ ಬಣ್ಣ ಕಲಸಿಕೊಂಡು ನೆಲದ ಮೇಲೆ ಬೋರಲು ಮಲಗಿದಳು. ಗೋಡೆಯ ಕೆಳಗಿನ ಪಟ್ಟಿ ಯಾರಿಗೂ ಬೇಡವಾಗಿತ್ತು. ಬಗ್ಗಿದರೆ ಸೊಂಟ ನೋಯುತ್ತದೆ, ಮೊಣಕಾಲಿಗೆ ಧೂಳು ಮೆತ್ತುತ್ತದೆ. ಅಲ್ಲಿ ಅವಳು ಮರಳು ಹಾಸಿದಳು. ಚುಕ್ಕೆ ಇಟ್ಟಳು. ಕೊನೆಗೆ ಸಣ್ಣ ಬ್ರಷ್ಷಿನಿಂದ ಎರಡು ಕಣ್ಣು.

ಟೀಚರ್ ಬಂದರು. "ಮೀನೆಲ್ಲಿ?"

"ಇಲ್ಲೇ ಇದೆ ಟೀಚರ್."

"ಎಲ್ಲಿ? ಬರೀ ಮರಳು..." ಎನ್ನುತ್ತ ಬಗ್ಗಿದವರು ತಟ್ಟನೆ ಹಿಂದೆ ಸರಿದರು. "ಅಮ್ಮಾ! ನನ್ನನ್ನೇ ನೋಡ್ತಿದೆಯಲ್ಲೇ!"

"ಆದ್ರೆ ಎರಡು ಕಣ್ಣೂ..." ಎಂದು ಶುರುಮಾಡಿದ ಲೀಡರ್.

"ನೀನು ಕೆನ್ನೆ ನೆಲಕ್ಕೆ ಒತ್ತಿ ಮಲಗು," ಎಂದಳು ಕಡ್ಡಿ. ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಅವನು ಮಲಗಿಯೇಬಿಟ್ಟ. "ಕೆಳಗಿನ ಕಣ್ಣಿಗೆ ಏನು ಕಾಣತ್ತೆ?"

"ಏನೂ ಇಲ್ಲ. ನೆಲ."

"ಅದಕ್ಕೂ ಅಷ್ಟೇ. ಅದು ತಳಮೀನು. ಮರಳಿನ ಮೇಲೆ ಮಲಗಿಕೊಂಡೇ ಬದುಕತ್ತೆ. ಕೆಳಗೆ ಕಣ್ಣಿಟ್ಕೊಂಡು ಏನು ಮಾಡತ್ತೆ? ನಾನು ಕಣ್ಣು ಸರಿಯಾಗೇ ಬರೆದಿದ್ದೆ. ಜಾಗ ತಪ್ಪಿತ್ತು."

ಅಷ್ಟುದ್ದದ ಮಾತನ್ನು ಅವಳು ಆಡಿದ್ದನ್ನು ಆ ಕಾರಿಡಾರು ಕೇಳಿದ್ದು ಅದೇ ಮೊದಲು.

ಲೀಡರ್ ಮಲಗಿದಲ್ಲಿಂದಲೇ ಕಣ್ಣು ಹೊರಳಿಸಿದ. "ಲೇ, ಸೂಪರ್ ಕಣೇ! ಇನ್ನೂ ಇದಾವಾ ಇಂಥವು?"

"ಮೀಸೆ ಇರೋದು ಇದೆ. ಬಾಲ ಚಾಟಿ ಥರ ಇರೋದು ಇದೆ."

"ಮೀಸೆದು ನಂದು!" ಎಂದು ಗುಂಡ ಧೊಪ್ಪನೆ ನೆಲಕ್ಕೆ ಬಿದ್ದ. ಸ್ವಲ್ಪ ಹೊತ್ತಿನಲ್ಲಿ ಕಾರಿಡಾರಿನ ಉದ್ದಕ್ಕೂ ಬರೀ ಕಾಲುಗಳೇ. "ತಳಮೀನಿನವರು ಸ್ವಲ್ಪ ಆ ಕಡೆ ಸರೀರೋ!" "ಕಡ್ಡಿ, ತಳಮೀನಿಗೆ ಹಲ್ಲಿರತ್ತಾ?" "ಕಡ್ಡಿ, ಇಲ್ಲಿ ಬಾರೇ, ಈ ಬಾಲ ಸರಿಯಿದೆಯಾ ನೋಡು!" ಕಡ್ಡಿ ಆ ತುದಿಗೂ ಈ ತುದಿಗೂ ಓಡಾಡಿ ಓಡಾಡಿ ಏದುಸಿರು ಬಿಟ್ಟಳು.

ಮಧ್ಯಾಹ್ನ ದೊಡ್ಡವರೆಲ್ಲ ಬಂದರು. ತಿಮಿಂಗಿಲ ನೋಡಿ ತಲೆದೂಗಿದರು. ಅಮ್ಮ ಬಗ್ಗಿ ಆ ಎರಡು ಕಣ್ಣು ನೋಡಿ, ಕಡ್ಡಿಯ ಭುಜವನ್ನು ಗಟ್ಟಿಯಾಗಿ ಒತ್ತಿದಳು.

ಅಷ್ಟರಲ್ಲಿ ಒಂದನೇ ಕ್ಲಾಸಿನ ಮಕ್ಕಳ ಸಾಲು ಬಂತು. ಅವು ತಿಮಿಂಗಿಲದ ಕಡೆ ತಿರುಗಿಯೂ ನೋಡಲಿಲ್ಲ. ಮರಳಿನ ಮುಂದೆ ಒಂದೊಂದಾಗಿ ಕೂತುಬಿಟ್ಟವು. ಅವರ ಟೀಚರ್ ಕರೆದರೂ ಏಳಲಿಲ್ಲ.

"ಅಕ್ಕಾ," ಎಂದು ಒಂದು ಪುಟಾಣಿ ಕಡ್ಡಿಯ ಕೈ ಎಳೆಯಿತು. "ಇದು ಏನು ನೋಡ್ತಿದೆ?"

ಕಡ್ಡಿ ಅದರ ಪಕ್ಕದಲ್ಲಿ ಕೂತು, ಗೋಡೆಗೆ ತಲೆ ತಾಗಿಸಿ ಮೇಲಕ್ಕೆ ನೋಡಿದಳು. ಅಲ್ಲಿಂದ ಎಲ್ಲ ಮೀನುಗಳೂ, ಲೀಡರನ ತಿಮಿಂಗಿಲವೂ, ಆ ಇಡೀ ನೀಲಿಯೂ ಒಟ್ಟಿಗೆ ಕಾಣುತ್ತಿದ್ದವು.

"ಎಲ್ಲಾನೂ," ಎಂದಳು.